ಅರ್ವಿಲ್ ಭಾವನ ಬಲಕೋಣೆ

ಅರ್ವಿಲ್ ನನ್ನ ಅಕ್ಕನ ಗಂಡ. ಕೆಂಟಕಿಯ ನಮ್ಮ ಕಣಿವೆಯ ಕಲ್ಲಿದ್ದಲ ಗಣಿಯಲ್ಲಿ, ಚಾವಣಿ ಕುಸಿಯದಂತೆ ಬಂಡೆಗೆ ಬೋಲ್ಟು ಹೊಡೆಯುವುದು ಅವನ ಕೆಲಸವಾಗಿತ್ತು. ಚಾವಣಿ ಒಂದು ದಿನವೂ ಅವನ ಮೇಲೆ ಬೀಳಲಿಲ್ಲ. ಬಿದ್ದದ್ದು ಧೂಳು, ಅದೂ ಎದೆಯೊಳಗೆ. ಐವತ್ತು ದಾಟುವ ಹೊತ್ತಿಗೆ ಬೂಟಿನ ದಾರ ಕಟ್ಟುವುದಕ್ಕೂ ಏದುಸಿರು, ಮೂಗಿಗೆ ಆಮ್ಲಜನಕದ ಕೊಳವೆ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ದೊಡ್ಡ ಆಸ್ಪತ್ರೆಯವರು ಹೊಸ ಶ್ವಾಸಕೋಶ ಹಾಕುತ್ತೇವೆ ಎಂದಿದ್ದರು. ಆದರೆ ಹೃದಯದ ಬಲಕೋಣೆ ಕೆಟ್ಟಿರಬಾರದು. ಕಲ್ಲಾದ ಶ್ವಾಸಕೋಶಕ್ಕೆ ರಕ್ತ ತಳ್ಳಿ ತಳ್ಳಿ ಸೋಲುವುದು ಅದೇ. ನಮ್ಮೂರ ಕ್ಲಿನಿಕ್ಕಿನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನು, ಮಾಡುವವಳು ನಾನೊಬ್ಬಳೇ.

ಈ ಪರೀಕ್ಷೆಯಲ್ಲಿ ಒಮ್ಮೆ ಮೂಗಿನಿಂದ ಸೊರ್ರನೆ ಉಸಿರೆಳೆಯಲು ಹೇಳುತ್ತೇವೆ. ಹೃದಯ ಸರಿಯಿದ್ದರೆ ಹೊಟ್ಟೆಯ ದೊಡ್ಡ ರಕ್ತನಾಳ ಆಗ ಕುಗ್ಗುತ್ತದೆ. ಕ್ಷೌರದಂಗಡಿಯಲ್ಲಿ ಹರಟುವ ಹಳೇ ಗಣಿಯವರು ಇದನ್ನೇ ಹಿಡಿದು, ಜೋರಾಗಿ ಎಳೆದವನು ಪಾಸು ಎಂದು ತೀರ್ಮಾನಿಸಿಬಿಟ್ಟಿದ್ದರು. ಅರ್ವಿಲ್ ವಾರವಿಡೀ ವರಾಂಡದಲ್ಲಿ ಕೂತು ಅಭ್ಯಾಸ ಮಾಡಿದ.

"ಬೀನ್ಸು ಸೀದಿದೆಯಾ ಅಂತ ಮೂಸ್ತಿದೀಯೇನು?" ಎಂದಳು ಅಕ್ಕ.

"ನಿನ್ನಡುಗೆ ಸೀದಿದ್ದು ತಿಳಿಯೋಕೆ ಮೂಗು ಯಾಕೆ ಬೇಕು? ಹೊಗೆ ಸಾಕು."

ಪರೀಕ್ಷೆಯ ದಿನ ಕ್ಲಿನಿಕ್ಕಿನಲ್ಲಿ ಅವನನ್ನು ಎಡಮಗ್ಗುಲಾಗಿ ಮಲಗಿಸಿ ಎದೆಗೆ ಸ್ಕ್ಯಾನಿನ ಹಿಡಿ ಒತ್ತಿದೆ. ಎಡಕೋಣೆಗಿಂತ ಚಿಕ್ಕದಿರಬೇಕಾದ ಬಲಕೋಣೆ ಉಬ್ಬಿಕೊಂಡು ನಡುಗೋಡೆಯನ್ನೇ ಎಡಕ್ಕೆ ಒತ್ತಿ ಕೂತಿತ್ತು. ಮತ್ತೆ ಅಳೆದೆ. ಬೇರೆ ಕೋನದಿಂದಲೂ ಅಳೆದೆ. ನನ್ನ ಕೈಯೇ ತಪ್ಪಿರಲಿ ದೇವರೇ ಎಂದುಕೊಂಡೆ. ತಪ್ಪಿರಲಿಲ್ಲ. ಅಂಗಾತ ತಿರುಗಿಸಿ ಪಕ್ಕೆಲುಬಿನ ಕೆಳಗೆ ಒತ್ತಿದೆ.

"ಈಗ ಎಳಿ, ಭಾವ."

ಎಳೆದ ರಭಸಕ್ಕೆ ಕೆಮ್ಮು ಬಂದು ಅವನ ಮುಖ ನೀಲಿಗಟ್ಟಿತು. ಪರದೆಯಲ್ಲಿ ಆ ರಕ್ತನಾಳ ಒಂದಿಷ್ಟೂ ಕುಗ್ಗಲಿಲ್ಲ.

"ಹೆಂಗೆ? ಸರಿಯಾಗಿ ಎಳೆದ್ನಾ?"

ಫಲಿತಾಂಶ ಹೇಳುವುದು ಡಾಕ್ಟರ ಕೆಲಸ, ನಾವು ಬಾಯಿ ಬಿಡುವಂತಿಲ್ಲ. ಆ ನಿಯಮ ಮಾಡಿದವರು ಸ್ವಂತ ಭಾವನನ್ನು ಹಾಗೆ ಮಲಗಿಸಿಕೊಂಡು ನೋಡಿರಲಿಕ್ಕಿಲ್ಲ. "ಚೆನ್ನಾಗಿ ಎಳೆದೆ ಭಾವ," ಎಂದೆ. ಅವನು ನೇರ ಕ್ಷೌರದಂಗಡಿಗೆ ಹೋಗಿ ಪಾಸಾದೆ ಎಂದು ಸಾರಿದ.

ಮೂರು ದಿನದ ಮೇಲೆ ಡಾಕ್ಟರು ಫೋನು ಮಾಡಿದರು. ಹೃದಯ ತಾಳುವುದಿಲ್ಲ, ಶ್ವಾಸಕೋಶ ಹಾಕಲಾಗದು. ಅಕ್ಕ ಗೋಡೆಗೊರಗಿ ಅತ್ತಳು. ಅರ್ವಿಲ್ ಆಮ್ಲಜನಕದ ಸಿಲಿಂಡರು ಎಳೆದುಕೊಂಡು ನನ್ನ ಮನೆಗೆ ಬಂದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು.

"ಅವತ್ತು ಕೆಮ್ಮು ಬಂದ್ಬಿಡ್ತು ಕಣೇ," ಎಂದ, ತಲೆ ತಗ್ಗಿಸಿ. "ಇನ್ನೊಂದ್ಸಲ ಮಲಗ್ಸು. ಈ ಸಲ ಕೆಮ್ಮೋದಿಲ್ಲ."

ಬಾಗಿಲಲ್ಲೇ ನಿಂತು ಮೂಗಿನಿಂದ ಸೊರ್ರನೆ ಎಳೆದು ತೋರಿಸಿದ.