ಹಸಿ ಗಾರೆಯ ಮೇಲೆ ಹೆಬ್ಬೆರಳು

ದೆವ್ವ, ಪಿಶಾಚಿ ಎಂದು ಯಾರಾದರೂ ಬಾಯಿ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಕಟ್ಟಡದ ಕೆಲಸದವನು ನಾನು. ಕಣ್ಣಿಗೆ ಕಂಡದ್ದು, ಟೇಪಿನ ಅಳತೆಗೆ ಸಿಕ್ಕಿದ್ದು ಇಷ್ಟೇ ನಿಜ ಎಂಬ ಜಂಬವಿತ್ತು. ಆ ಜಂಬ ಇಳಿದ ಸಂಜೆಯೊಂದನ್ನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಸಿಂಧನೂರಿನಿಂದ ಗೊರೇಬಾಳಕ್ಕೆ ಹೋಗುವ ಕಡೆ ವಿಶ್ವವಿದ್ಯಾಲಯವೊಂದು ಬೇಸಾಯದ ಕಾಲೇಜಿಗೆಂದು ಕಣ್ಣು ಹಾಯುವಷ್ಟು ಜಮೀನು ಹಿಡಿದಿತ್ತು. ಅದರ ನಡುವೆ ನಿಜಾಮರ ಕಾಲದ ಕಲ್ಲಿನ ಕಚೇರಿ. ಸುತ್ತ ಹೊಸ ಕಟ್ಟಡಗಳು. ಹುಡುಗರ ವಸತಿಗೃಹದ ಉಸ್ತುವಾರಿ ನನ್ನದು.

ಗೋಡೆ ಕಟ್ಟುವ ಗೌಂಡಿ ಹನುಮಪ್ಪ ಸಂತೆಕಲ್ಲೂರಿನವನು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬುನಾದಿಗೆ ಗರಸಿನ ಜಲ್ಲಿಮಣ್ಣು ತುಂಬೋಣ ಎಂದು ಅವನು ಎರಡು ಸಲ ಹೇಳಿದ. ಗರಸು ಮಸ್ಕಿ ಗುಡ್ಡದ ಕಡೆಯಿಂದ ಬರಬೇಕಿತ್ತು, ನನಗೋ ಅವಸರ. ತೋಡಿದ ಎರೆಮಣ್ಣನ್ನೇ ತುಂಬಿಸಿದೆ. ಸುತ್ತ ಭತ್ತದ ಗದ್ದೆಗಳಾದ ವರ್ಷವೇ ಗೋಡೆ ಬಿರಿಯಿತು. ಮೇಲಿನವರು ಕೇಳಿದಾಗ ಗೌಂಡಿಯ ಕೆಲಸ ಕಚ್ಚಾ ಎಂದು ಬರೆದುಕೊಟ್ಟೆ. ನಾಚಿಕೆಗೇಡು, ಆದರೆ ಬರೆದದ್ದು ನಾನೇ. ಕೆಲಸ ಕಳೆದುಕೊಂಡು ಹೋಗುವಾಗ ಹನುಮಪ್ಪ ಇಷ್ಟೇ ಅಂದ:

“ಸಾಹೇಬ್ರ, ಮಣ್ಣು ಯಾರು ತುಂಬಿಸ್ಯಾರಂತ ಆ ಗ್ವಾಡಿಗಿ ಗೊತ್ತೈತ್ರಿ.”

ಆರು ತಿಂಗಳಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಅವನ ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತುತ್ತೇವೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಹನುಮಪ್ಪ ಮೆತ್ತಿದರೆ ಹಸಿ ಗಾರೆಯ ಮೇಲೆ ಹೆಬ್ಬೆರಳು ಒತ್ತುತ್ತಿದ್ದ. ಕಲ್ಲು ಬಿದ್ದು ಆ ಬೆರಳಿನ ತುದಿ ಹಾರಿಹೋಗಿತ್ತು. ಅದರ ಗುರುತು ಎಲ್ಲಿದ್ದರೂ ಹಿಡಿಯಬಹುದಿತ್ತು.

ಅವನು ತೀರಿದ ಮೇಲೆ ಬಂದ ಮಳೆಗಾಲದಲ್ಲಿ ವಸತಿಗೃಹದ ಗಾಜಿನ ಪಟ್ಟಿಗಳೆಲ್ಲ ಒಂದೇ ದಿನ ಒಡೆದವು. ಹುಡುಗರನ್ನು ಹಳೇ ಕಚೇರಿಗೆ ಸಾಗಿಸುವುದೆಂದು ನಿರ್ಧಾರವಾಯಿತು. ಕಸ ಹೊಡೆಸುವ ಮುಂಚೆ ಒಮ್ಮೆ ನೋಡೋಣವೆಂದು ಸಂಜೆ ಬೀಗದ ಕೈ ಹಿಡಿದು ಒಬ್ಬನೇ ಹೋದೆ. ತುಕ್ಕು ಹಿಡಿದ ಬೀಗ, ಎಣ್ಣೆ ಬಿಟ್ಟು ತೆಗೆದೆ. ನೆಲದ ಧೂಳಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ಎದುರಿನ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಅದರ ಮೇಲೆ ಗಾಜಿನ ಪಟ್ಟಿ, ನಡುವೆ ಒಡೆದಿದೆ. ಎರಡು ತುದಿಗೂ ಗಾರೆ, ಗಾರೆಯ ಮೇಲೆ ತುದಿಯಿಲ್ಲದ ಹೆಬ್ಬೆರಳು. ಮುಟ್ಟಿದೆ. ಹಸಿಯಾಗಿತ್ತು, ಬೆರಳಿಗೆ ಅಂಟಿತು. ಬೀಗ ಹೇಗೆ ಹಾಕಿದೆನೋ ಕಾಣೆ.

ಕಚೇರಿ ಬೇಡ, ಗದ್ದೆಯಂಚಿನ ತಗಡಿನ ಶೆಡ್ಡಿನಲ್ಲಿ ಹುಡುಗರು ಇರಲಿ ಎಂದು ಹಟ ಹಿಡಿದೆ. ನಿಜ ಹೇಳುತ್ತೇನೆ, ಆಗ ಮನಸ್ಸಿಗೆ ನೆಮ್ಮದಿಯೇ ಆಗಿತ್ತು. ಪುಣ್ಯಾತ್ಮ ಹನುಮಪ್ಪ ನನ್ನನ್ನು ಕ್ಷಮಿಸಿ, ಈ ಗೋಡೆಯೂ ಬೀಳುತ್ತದೆಂದು ಎಚ್ಚರಿಸಿದ್ದಾನೆ ಅಂದುಕೊಂಡೆ.

ಮೂರನೆಯ ದಿನ ಶೆಡ್ಡಿನಲ್ಲಿ ಮಲಗಿದ್ದ ತುರ್ವಿಹಾಳದ ವಿದ್ಯಾರ್ಥಿಯೊಬ್ಬನಿಗೆ ಹಾವು ಕಚ್ಚಿತು. ಸಿಂಧನೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ನಾನು ಓಡಿಹೋಗಿ ಕಚೇರಿಯ ಬೀಗ ತೆಗೆದೆ. ಧೂಳಿನಲ್ಲಿ ನನ್ನವೇ ಹಳೆಯ ಹೆಜ್ಜೆಗಳು. ಗೋಡೆ ಬರಿದಾಗಿತ್ತು. ಗಾಜೂ ಇಲ್ಲ, ಗಾರೆಯ ಕಲೆಯೂ ಇಲ್ಲ.

ಆ ಕಚೇರಿ ಇಂದಿಗೂ ಹಾಗೆಯೇ ಗಟ್ಟಿಯಾಗಿ ನಿಂತಿದೆ. ಹನುಮಪ್ಪ ಪರರ ಮಗನ ಜೀವ ತೆಗೆಯುವ ಜಾತಿಯವನಲ್ಲ. ನನ್ನ ಅಳುಕೇ ನನ್ನ ಕಣ್ಣಿಗೆ ಹಾಗೆ ಕಂಡಿತೆನ್ನೋಣವೆಂದರೆ, ಬೆರಳಿಗೆ ಅಂಟಿದ್ದ ಗಾರೆಯನ್ನು ಅಂದು ನಾನೇ ತೊಳೆದುಕೊಂಡಿದ್ದೇನೆ. ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ.

ಹುಡುಗನ ತಂದೆ ಅವನ ಟ್ರಂಕು ಒಯ್ಯಲು ಬಂದಿದ್ದರು. ಬಯ್ಯಲಿಲ್ಲ, ಅಳಲಿಲ್ಲ. ಕಚೇರಿಯ ಕಡೆ ನೋಡುತ್ತ ಕೇಳಿದರು:

“ಇಷ್ಟು ಗಟ್ಟಿ ಮನಿ ಇತ್ತಲ್ರೀ. ನನ್ನ ಮಗನ್ನ ಅದರಾಗ ಯಾಕ ಮಲಗಿಸಲಿಲ್ಲ?”

ಟ್ರಂಕಿನ ಒಂದು ಹಿಡಿ ನಾನು ಹಿಡಿದುಕೊಂಡೆ. ಬಸ್ಸಿನವರೆಗೂ ಇಬ್ಬರೂ ಅದನ್ನು ಹೊತ್ತು ನಡೆದೆವು.