ಸೀಟು ಸಿಕ್ಕಿತು, ಸ್ಕ್ರೀನು ಹೋಯಿತು

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ನಾನು ಸಾಮಾನ್ಯಳಲ್ಲ ಎಂಬ ಜಂಬ ನನಗೆ ಬಹಳ ವರ್ಷಗಳಿಂದ ಇತ್ತು. ಮನೆ ಲಿಂಗಸುಗೂರಿನಲ್ಲಿ, ಕನ್ನಡ ಪಾಠ ಹೇಳುವ ಹೈಸ್ಕೂಲು ಮಸ್ಕಿಯಲ್ಲಿ. ಹೀಗಾಗಿ ದಿನಕ್ಕೆ ಎರಡು ಸಲ ಈ ವಿದ್ಯೆಗೆ ಪರೀಕ್ಷೆ. ಅದರಲ್ಲೂ ಸಂಜೆಯ ಬಸ್ಸು ಸಿಂಧನೂರಿನಲ್ಲೇ ತುಂಬಿಕೊಂಡು ಬರುತ್ತದೆ. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ ಬಂದ ಮೇಲಂತೂ ಕೇಳುವುದೇ ಬೇಡ. ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ನಾಲ್ಕು ಹೆಜ್ಜೆ ಓಡಬೇಕು. ಇಳಿಯಲು ಯಾರು ಏಳುತ್ತಿದ್ದಾರೆ ಎಂದು ಕಿಟಕಿಯಲ್ಲಿ ಹುಡುಕಬೇಕು. ಕಂಡ ಕೂಡಲೇ ಆ ಸೀಟಿನ ಮೇಲೆ ಕರವಸ್ತ್ರ ಒಗೆಯಬೇಕು. ಒಗೆದಿರೋ, ಸೀಟು ನಿಮ್ಮದು. ನಿಧಾನವಾಗಿ ಸೆರಗು ಸರಿಮಾಡಿಕೊಂಡು ಹತ್ತಿದರೂ ನಡೆಯುತ್ತದೆ. ಹೊಲದ ಬದುವಿನ ಕಲ್ಲನ್ನು ಸರಿಸುವವರು ನಮ್ಮ ಕಡೆ ಇದ್ದಾರೆ, ಆದರೆ ಸೀಟಿನ ಮೇಲಿನ ಟವೆಲ್ಲನ್ನು ಸರಿಸುವವರು ಇಲ್ಲ.

ಆ ಸೋಮವಾರ ನನ್ನ ಬಳಿ ಕರವಸ್ತ್ರ ಇರಲಿಲ್ಲ. ಬಲಗೈಯಲ್ಲಿ ಊಟದ ಚೀಲ, ಎಡಗೈಯಲ್ಲಿ ಲ್ಯಾಪ್‌ಟಾಪಿನ ಚೀಲ. ಬಸ್ಸು ಬಂತು, ಕಿಟಕಿಯ ಪಕ್ಕ ಒಬ್ಬರು ಎದ್ದರು. ಯೋಚಿಸಲು ಸಿಕ್ಕಿದ್ದು ಅರೆಕ್ಷಣ. ಆ ಅರೆಕ್ಷಣದಲ್ಲಿ ನಾನು ಯೋಚಿಸಿದೆ ಎಂಬುದೇ ನಾಚಿಕೆಯ ಸಂಗತಿ. ಊಟದ ಚೀಲದಲ್ಲಿ ಉಳಿದ ಮಜ್ಜಿಗೆ ಇದೆ, ಎಸೆದರೆ ಚೆಲ್ಲುತ್ತದೆ ಎಂದುಕೊಂಡು ಲ್ಯಾಪ್‌ಟಾಪನ್ನು ಕಿಟಕಿಯೊಳಗೆ ಒಗೆದೆ. ಒಳಗೆ ಕಬ್ಬಿಣಕ್ಕೆ ಏನೋ ತಾಗಿದ ಸದ್ದೂ ಕೇಳಿಸಿತು. ನಾನು ಹತ್ತಿ ಹೋದಾಗ ಒಬ್ಬ ಮುದುಕ ಆ ಸೀಟಿಗೆ ಕಾವಲು ನಿಂತಿದ್ದ.

"ಬಾ ಯವ್ವಾ, ನಿನ್ನ ಬ್ಯಾಗ್ ಅದ ಅಂತ ಯಾರನ್ನೂ ಕುಂದ್ರಗೊಟ್ಟಿಲ್ಲ" ಎಂದ. ನಾನು ರಾಣಿಯ ಹಾಗೆ ಕುಳಿತುಕೊಂಡು ಲಿಂಗಸುಗೂರಿನ ತನಕ ತಣ್ಣಗೆ ಗಾಳಿ ಕುಡಿಯುತ್ತ ಬಂದೆ.

ಮನೆಯಲ್ಲಿ ತೆರೆದು ನೋಡಿದರೆ ಸ್ಕ್ರೀನಿನ ಮೇಲೆ ಮಸಿ ಕುಡಿಕೆ ಉರುಳಿಸಿದಂತೆ ಕಪ್ಪು ಹರಡಿತ್ತು. ಮೂಲೆಯಿಂದ ಮೂಲೆಗೆ ಬಿರುಕು. ಮಜ್ಜಿಗೆ ಮಾತ್ರ ಒಂದು ಹನಿಯೂ ಚೆಲ್ಲಿರಲಿಲ್ಲ.

ನನ್ನ ಸ್ವಂತಕ್ಕೆ ಮಾತ್ರ ಬೇಕಾದ ವಸ್ತುವಾಗಿದ್ದರೆ ಇಷ್ಟಕ್ಕೆ ಒಂದು ಪ್ರಬಂಧ ಬರೆಯುವಷ್ಟು ಹೊಟ್ಟೆಯುರಿ ನನಗೆ ಆಗುತ್ತಿರಲಿಲ್ಲ. ಅದರಲ್ಲಿ ಓದುತ್ತಿದ್ದವಳು ಹುಲಿಗೆಮ್ಮ. ಹತ್ತನೆಯ ತರಗತಿಯ ಹುಡುಗಿ. ಹುಟ್ಟಿನಿಂದ ಕಣ್ಣಿನ ದೃಷ್ಟಿ ಬಹಳ ಕಡಿಮೆ, ಕನ್ನಡಕ ಹಾಕಿದರೂ ಅಷ್ಟೇ. ಪುಸ್ತಕದ ಸಾಲುಗಳು ಅವಳಿಗೆ ಇರುವೆ ಸಾಲಿನಂತೆ ಕಾಣುತ್ತವೆ. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆದುಕೊಡಲು ಒಬ್ಬರನ್ನು ಕೊಡುತ್ತಾರೆ, ಆದರೆ ಅದಕ್ಕೂ ಮೊದಲು ಓದಬೇಕಲ್ಲ? ಬೇರೆಯವರು ಓದಿ ಹೇಳಿದರೆ ತನಗೆ ನಿದ್ದೆ ಬರುತ್ತದೆ ಎಂದು ಅವಳು ನನ್ನ ಮುಖಕ್ಕೇ ಹೇಳಿದ್ದಳು. ನಾನು ಓದಿ ಹೇಳಿದ ಮೂರನೆಯ ದಿನ ಹೇಳಿದ್ದು, ಆದ್ದರಿಂದ ಅದನ್ನು ನಂಬದೆ ವಿಧಿಯಿರಲಿಲ್ಲ. ಆಮೇಲೆ ಪಾಠಗಳನ್ನೆಲ್ಲ ನಾನೇ ಟೈಪು ಮಾಡಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರುವಂತೆ ಮಾಡಿ, ಒಂದೊಂದು ಅಕ್ಷರವನ್ನೂ ಅಂಗೈಯಗಲ ಹಿಗ್ಗಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟೆ. ಆರು ತಿಂಗಳಿಂದ ದಿನವೂ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅವಳು ಸ್ಕ್ರೀನಿಗೆ ನಾಲ್ಕು ಬೆರಳು ದೂರದಲ್ಲಿ ಮೂಗಿಟ್ಟು ಓದುತ್ತಿದ್ದಳು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು, ಆರು ಪಾಠ ಬಾಕಿ ಇದ್ದವು. ಅಂಥ ಹೊತ್ತಿನಲ್ಲಿ ನಾನು ಸೀಟು ಹಿಡಿದಿದ್ದೆ.

ಮರುದಿನ ಅವಳಿಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ.

"ಹೋಗ್ಲಿ ಬಿಡ್ರಿ ಟೀಚರ್ರೀ, ಮಜ್ಜಿಗಿ ಚೆಲ್ಲಲಿಲ್ಲಲ್ಲ" ಎಂದಳು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅಂದೇ ಲ್ಯಾಪ್‌ಟಾಪಿಗೆ ತಂತಿ ಹಚ್ಚಿ ಶಾಲೆಯ ಟಿ.ವಿ.ಯಲ್ಲಿ ಪಾಠ ತೋರಿಸಿದೆ. ಅಕ್ಷರಗಳೇನೋ ಜಮಖಾನದಷ್ಟು ದೊಡ್ಡದಾಗಿ ಬಂದವು, ಆದರೆ ಟಿ.ವಿ. ಗೋಡೆಯ ಮೇಲೆ ಎತ್ತರದಲ್ಲಿದೆ. ನಾಲ್ಕು ಬೆರಳು ದೂರದಿಂದ ನೋಡಬೇಕೆಂದರೆ ಹುಡುಗಿ ಸ್ಟೂಲು ಹತ್ತಬೇಕು. ಹತ್ತಿದಳು ಕೂಡ. ಅರ್ಧ ಪುಟ ಆಗುವಷ್ಟರಲ್ಲಿ ಹೆಡ್‌ಮಾಸ್ತರರು ಬಂದು, ಆ ಸ್ಟೂಲಿಗೆ ಮೂರೇ ಕಾಲು ಗಟ್ಟಿ ಇವೆ ಎಂದು ಇಳಿಸಿದರು. ಬುಧವಾರ ಡ್ರಾಯಿಂಗ್ ಹಾಳೆಯ ಮೇಲೆ ಮಾರ್ಕರಿನಿಂದ ದೊಡ್ಡದಾಗಿ ಬರೆದುಕೊಡಲು ಕುಳಿತೆ. ಎಂಟು ಹಾಳೆ ಮುಗಿದವು, ಒಂದು ಪ್ಯಾರಾ ಮುಗಿಯಿತು. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಕೆಲವು ಸಾಲು ಕೆತ್ತಿಸಿದ್ದಾನೆ. ಅಷ್ಟು ದೊಡ್ಡ ರಾಜ್ಯ ಇದ್ದವನು ಅಷ್ಟು ಚಿಕ್ಕ ಶಾಸನವನ್ನೇಕೆ ಬರೆಸಿದ ಎಂದು ನಾನು ಮಕ್ಕಳೆದುರು ಅಚ್ಚರಿಪಡುತ್ತಿದ್ದೆ. ಬುಧವಾರ ಸಂಜೆ ಹೆಬ್ಬೆರಳು ಊದಿಕೊಂಡಾಗ ಕೆತ್ತಿದವನ ಕಷ್ಟ ಅರ್ಥವಾಯಿತು. ಆದರೂ ಆ ಚಕ್ರವರ್ತಿ ಜಾಣ. ಬಂಡೆಯನ್ನು ಬಸ್ಸಿನ ಕಿಟಕಿಯಲ್ಲಿ ಒಗೆಯಲು ಯಾರಿಗೂ ಆಗುವುದಿಲ್ಲ.

ಗುರುವಾರದಿಂದ ಸ್ಕ್ರೀನು ಹುಡುಕುವ ಕೆಲಸ ಶುರುವಾಯಿತು. ಮಸ್ಕಿಯ ಅಂಗಡಿಯವನು ಲ್ಯಾಪ್‌ಟಾಪನ್ನು ತಿರುವಿ ಮುರುವಿ ನೋಡಿ, "ಮೊಬೈಲ್ ಆಗಿದ್ರ ಇಲ್ಲೇ ಹಾಕಿಕೊಡ್ತಿದ್ದೆ ಮೇಡಂ, ಇದು ಭಾಳ ದೊಡ್ಡದದ" ಎಂದ. ಲಿಂಗಸುಗೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮೆಹಬೂಬ್ ಸಾಬರ ಬಳಿ ಶುಕ್ರವಾರ ಹೋದೆ. ಅಂಗಡಿಯಲ್ಲಿ ಒಂದು ಕುರ್ಚಿ ಮಾತ್ರ ಇತ್ತು. ಅದನ್ನು ನನಗೆ ಕೊಟ್ಟು, ತಾವು ನಿಂತುಕೊಂಡೇ ಹಳೆಯ ಸಿಮ್ ಕಾರ್ಡಿನ ಚೂರೊಂದನ್ನು ಸಂದಿಗೆ ತೂರಿಸಿ ಸ್ಕ್ರೀನಿನ ಚೌಕಟ್ಟನ್ನು ಬಿಡಿಸಿದರು. ಬಿರುಕು ಬಿಟ್ಟ ಗಾಜಿನ ಹಲಗೆಯನ್ನು ಬೋರಲು ಹಾಕಿ ಹಿಂಬದಿಯ ಸಣ್ಣ ಚೀಟಿ ತೋರಿಸಿದರು.

"ನೋಡ್ರಿ, ಇದರ ಜಾತಕ ಇಲ್ಲಿ ಬರದಾರ. ಅಗಲ ಕೂಡಬೇಕು, ಪಿನ್ನು ಕೂಡಬೇಕು, ಸ್ಕ್ರೂ ಹಚ್ಚೂ ಕಿವಿನೂ ಕೂಡಬೇಕು. ಒಂದು ತಪ್ಪಿದ್ರೂ ಲಗ್ನ ಆಗಂಗಿಲ್ಲ."

ಮಾಡೆಲ್ಲು ಹಳೆಯದು, ಹೊರಗಿನಿಂದ ತರಿಸಿದರೆ ಹದಿನೈದು ದಿನವಾದರೂ ಬೇಕು ಎಂದರು. ನಾನು ಹುಲಿಗೆಮ್ಮನ ಪರೀಕ್ಷೆಯ ವಿಷಯ ಹೇಳಿದೆ. ಅವರು ಚೀಟಿಯ ಫೋಟೋ ಹೊಡೆದು ಯಾರ್ಯಾರಿಗೋ ಕಳಿಸಿದರು. ನನ್ನ ಎದುರಿಗೇ ಐದಾರು ಜನರಿಗೆ ಫೋನು ಮಾಡಿದರು. ಶನಿವಾರ ಮತ್ತೆ ಹೋದಾಗ ಅವರ ಮುಖ ಅರಳಿತ್ತು. "ಫಿಕರ್ ಮಾಡಬ್ಯಾಡ್ರಿ ಮೇಡಂ. ಸಿಂಧನೂರಾಗ ತಪನ್ ಅಂತ ಅದಾನ, ಒಂದು ಸ್ಕ್ರೀನ್ ಇದ್ದಂಗ ಅದ ಅಂದಾನ. ನಾಳೆ ಐತವಾರ ಆದ್ರೂ ನಿಮ್ಮ ಸಲುವಾಗಿ ಅಂಗಡಿ ತೆಗಿತಾನ. ಈ ಒಡದದ್ದನ್ನೂ ಒಯ್ರಿ, ಬರಾಬರ್ ಕೂಡಿಸಿ ನೋಡಬೇಕಾಗ್ತದ." ಬಿಚ್ಚಿದ್ದಕ್ಕೆ, ಹುಡುಕಿದ್ದಕ್ಕೆ ಏನು ಕೊಡಲಿ ಎಂದರೆ ಬೇಡವೆಂದು ತಲೆಯಾಡಿಸಿದರು.

ಸೀರೆಗೆ ಒಪ್ಪುವ ರವಿಕೆ ಬಟ್ಟೆ ಹುಡುಕಲು ಸೀರೆಯನ್ನೇ ಹೊತ್ತುಕೊಂಡು ಅಂಗಡಿ ಅಂಗಡಿ ಸುತ್ತಿದ ಅನುಭವ ನನಗೆ ಬೇಕಾದಷ್ಟಿದೆ. ಒಡೆದ ಸ್ಕ್ರೀನು ಹೊತ್ತದ್ದು ಅದೇ ಮೊದಲು. ಲ್ಯಾಪ್‌ಟಾಪು ಹೆಗಲಿಗೆ, ಬಿಚ್ಚಿದ ಸ್ಕ್ರೀನು ಎರಡು ಪರೀಕ್ಷೆ ರಟ್ಟುಗಳ ನಡುವೆ ಬಟ್ಟೆ ಸುತ್ತಿ ಎದೆಗೆ. ಭಾನುವಾರದ ಬಸ್ಸಿನಲ್ಲಿ ಸೀಟು ಹಿಡಿಯುವ ಪ್ರಯತ್ನವನ್ನೇ ಮಾಡದೆ ಕಂಬಕ್ಕೆ ಒರಗಿ ನಿಂತೆ. ಗುರುಗುಂಟಾದಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ನನ್ನ ಎದೆಯ ಮೇಲಿನ ಗಂಟನ್ನೇ ನೋಡುತ್ತಿದ್ದವಳು, "ಯಾವ ದೇವರ ಫೋಟೋರೀ ಅಕ್ಕಾ?" ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಎದ್ದು ನಿಂತಳು. "ದೇವರನ್ನ ಹಿಡ್ಕೊಂಡು ನಿಂದ್ರಬಾರದು, ಕುಂದರ್ರಿ." ನಾನು ಇಲ್ಲ ಎನ್ನಲಿಲ್ಲ. ಕುಳಿತೆ. ಮಸ್ಕಿಯಲ್ಲಿ ಇಳಿಯುವಾಗ ಅವಳು ನನ್ನ ಗಂಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮುಂದಿನ ದಾರಿಯೆಲ್ಲ ನಾನು ಯಾರ ಮುಖವನ್ನೂ ನೋಡಲಿಲ್ಲ.

ತಪನ್ ಇರುವುದು ಸಿಂಧನೂರಿನ ಹತ್ತಿರ, ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನಲ್ಲಿ. ಅವನ ಅಜ್ಜನ ಕಾಲಕ್ಕೆ ಬಂಗಾಳದ ಕಡೆಯಿಂದ ಬಂದು ನೆಲೆಸಿದ ಮನೆತನ. ಇಷ್ಟು ನನಗೆ ಗೊತ್ತಿದ್ದರಿಂದ ದಾರಿಯುದ್ದಕ್ಕೂ ಹಿಂದಿಯಲ್ಲಿ ನಾಲ್ಕು ವಾಕ್ಯ ಕೂಡಿಸಿಕೊಂಡು ಹೋಗಿದ್ದೆ. ಎರಡನೆಯ ವಾಕ್ಯದ ಕ್ರಿಯಾಪದಕ್ಕಾಗಿ ನಾನು ತಡಕಾಡುತ್ತಿರುವಾಗ ಅವನು ನಗು ತಡೆದುಕೊಂಡು, "ಕನ್ನಡದಾಗ ಹೇಳ್ರಿ ಮೇಡಂ, ಹಿಂದಿ ನನಗೂ ನಿಮ್ಮಷ್ಟೇ ಬರ್ತದ" ಎಂದ. ಕನ್ನಡ ಮೇಷ್ಟ್ರಿಣಿಗೆ ಇದಕ್ಕಿಂತ ಸರಿಯಾದ ಪಾಠ ಬೇರೆ ಯಾರೂ ಹೇಳಿರಲಿಲ್ಲ.

ಅವನ ಬಳಿ ಇದ್ದದ್ದು ಒಂದು ಅಕ್ಕಿ ಗಿರಣಿಯ ಲ್ಯಾಪ್‌ಟಾಪು. ಒಳಗಿನ ಬೋರ್ಡು ಸುಟ್ಟಿತ್ತು, ಸ್ಕ್ರೀನು ಮಾತ್ರ ಜೀವಂತ. ಗಿರಣಿಯವರು ಹೊಸದು ಕೊಂಡು ಇದನ್ನು ಅಲ್ಲಿಯೇ ಬಿಟ್ಟು ಹೋಗಿದ್ದರು. ಇನ್ನೊಬ್ಬರಾಗಿದ್ದರೆ ಬಿಚ್ಚಿ ಹಚ್ಚಿಬಿಡುತ್ತಿದ್ದರು. ಇವನು, "ಅವರ ಮಾಲು, ಕೇಳದಂಗ ಕೊಡೂದು ಸರಿ ಅಲ್ಲ" ಎಂದು ಫೋನು ಹಚ್ಚಿದ. ಅದರ ದನಿ ನನಗೂ ಕೇಳುವಂತೆ ಮೇಜಿನ ಮೇಲಿಟ್ಟ. ಯಾರಿಗೆ ಬೇಕು ಎಂದು ಗಿರಣಿಯವರು ಕೇಳಿದರು. ಕಣ್ಣು ಸರಿಯಾಗಿ ಕಾಣದ ಹುಡುಗಿ, ಹತ್ತನೇ ಕ್ಲಾಸು, ಮಸ್ಕಿಯಾಕಿ ಎಂದ ತಪನ್.

"ತೀಸ್ಕೋ ಬಾಬು. ಇದಕ್ಕೇನು ನನ್ನ ಕೇಳೋದು? ಆ ಪಾಪ ಪಾಸಾದ ಮ್ಯಾಲ ನನಗೊಂದು ಮಾತು ತಿಳಿಸು, ಸಾಕು" ಎಂದು ಗಿರಣಿಯವರು ತೆಲುಗು ಬೆರೆಸಿದ ಕನ್ನಡದಲ್ಲಿ ಒಪ್ಪಿಗೆ ಕೊಟ್ಟರು. ಅವರ ಮುಖವನ್ನು ನಾನು ಇಂದಿಗೂ ನೋಡಿಲ್ಲ.

ಚೌಕಟ್ಟು ಬಿಡಿಸಿದಾಗ ಸಂದಿಯಿಂದ ತೌಡು ಉದುರಿತು. ತಪನ್ ಮೆತ್ತನೆಯ ಬ್ರಷ್ಷಿನಿಂದ ಅದನ್ನು ಒರೆಸಿ, ಎರಡೂ ಸ್ಕ್ರೀನುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನೋಡಿದ. ಅಗಲ ಕೂಡಿತು, ಪಿನ್ನು ಕೂಡಿತು, ಕಿವಿಗಳೂ ಕೂಡಿದವು. ನಾನು ಉಸಿರು ಬಿಟ್ಟೆ. ಆದರೆ ಅವನು ಮಾತ್ರ ಸಂಕೋಚದಿಂದ, "ಒಂದು ಕಮ್ಮಿ ಅದರಿ. ನಿಮ್ಮದು ಮಿಂಚೂ ಸ್ಕ್ರೀನ್ ಇತ್ತು, ಇದು ಮಂಕು. ನೋಡಾಕ ಅಷ್ಟು ಚಂದ ಇರಂಗಿಲ್ಲ" ಎಂದ. ನಿಜ ಹೇಳಬೇಕೆಂದರೆ ನನಗೂ ಮನಸ್ಸು ಸ್ವಲ್ಪ ಚಿಕ್ಕದಾಯಿತು. ಹಳೆಯದು ಕನ್ನಡಿಯಷ್ಟು ಹೊಳೆಯುತ್ತಿತ್ತು, ತರಗತಿಗೆ ಹೋಗುವ ಮುಂಚೆ ಅದರಲ್ಲಿ ಕುಂಕುಮ ಸರಿಮಾಡಿಕೊಳ್ಳುತ್ತಿದ್ದೆ. ಇರಲಿ, ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ತಪನ್ ಸ್ಕ್ರೀನು ಕೂಡಿಸಿ ಗುಂಡಿ ಒತ್ತಿದಾಗ ಹುಲಿಗೆಮ್ಮ ಅರ್ಧಕ್ಕೆ ಬಿಟ್ಟಿದ್ದ ಪಾಠ ಅಂಗೈಯಗಲದ ಅಕ್ಷರಗಳಲ್ಲಿ ಎದ್ದು ಬಂತು. ನನ್ನ ಕಣ್ಣು ತುಂಬಿತು.

ನಮ್ಮ ಕಡೆ ಬಾಯಿ ಬಿಟ್ಟು ಧನ್ಯವಾದ ಹೇಳುವ ರೂಢಿ ಇಲ್ಲ. ಉಪಕಾರ ಮಾಡಿದವರಿಗೆ ಚಹಾ ಕುಡಿಸುತ್ತೇವೆ, ಮನೆಯವರೆಲ್ಲ ಆರಾಮೇ ಎಂದು ಕೇಳುತ್ತೇವೆ, ಬರ್ತೀನ್ರೀ ಎಂದು ಹೊರಡುತ್ತೇವೆ. ಅಂದು ನಾನು ಎದ್ದು ನಿಂತು ತಪನ್‌ಗೆ ಸಭೆಯಲ್ಲಿ ಹೇಳುವ ಹಾಗೆ "ಧನ್ಯವಾದಗಳು" ಎಂದುಬಿಟ್ಟೆ. ತನ್ನ ಹಿಂದೆ ಯಾರಾದರೂ ದೊಡ್ಡವರು ಬಂದು ನಿಂತಿದ್ದಾರೇನೋ ಎಂದು ಅವನು ತಿರುಗಿ ನೋಡಿದ. ಆಮೇಲೆ ಇಬ್ಬರೂ ಚಹಾ ಕುಡಿದೆವು. ಲಿಂಗಸುಗೂರಿಗೆ ಮರಳುವಾಗ ನನ್ನೊಳಗೆ ಇದ್ದದ್ದು ಋಣದ ಭಾವ. ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಒಬ್ಬ ಹುಡುಗಿಗಾಗಿ ಮೂರು ಊರು ತಿರುಗಿದ ಟೀಚರು ಬೇರೆ ಯಾರಿದ್ದಾರೆ ಎಂದು ಕಿಟಕಿಯ ಗಾಳಿಗೆ ಮುಖವೊಡ್ಡಿ ನನ್ನನ್ನೇ ಮೆಚ್ಚಿಕೊಂಡೆ.

ಆ ಹೆಮ್ಮೆ ಸೋಮವಾರ ಸಂಜೆಯವರೆಗೆ ಇತ್ತು.

ಹುಲಿಗೆಮ್ಮ ಎಂದಿನಂತೆ ಸ್ಕ್ರೀನಿಗೆ ಮೂಗಿಟ್ಟು ಕುಳಿತಳು. ಒಂದು ಸಾಲು ಓದಿದಳು, ಎರಡು ಓದಿದಳು. ಆಮೇಲೆ ತಡವರಿಸುವುದನ್ನೇ ಬಿಟ್ಟು ಸರಸರನೆ ಓದತೊಡಗಿದಳು. ಮುಂದಿನ ಪುಟದ ಗುಂಡಿಯನ್ನು ನನಗಿಂತ ಮೊದಲೇ ಒತ್ತಿದಳು. ನನಗೆ ಆಶ್ಚರ್ಯ. ಅವಳು ತಟ್ಟನೆ ನಿಲ್ಲಿಸಿ ಸ್ಕ್ರೀನನ್ನು ಬೆರಳಿನಿಂದ ಸವರಿದಳು.

"ಟೀಚರ್ರೀ, ಇದರಾಗ ನಾನು ಕಾಣಂಗಿಲ್ಲ."

"ನೀನು ಯಾಕ ಕಾಣಬೇಕು?"

"ಮೊದಲಿನದರಾಗ ಓದಾಕ ಬಗ್ಗಿದ್ರ ನನ್ನ ಮಾರಿನೇ ಕಾಣತಿತ್ತು. ಹಿಂದಿನ ಕಿಟಕಿನೂ ಕಾಣತಿತ್ತು. ಅದರ ಸಂದ್ಯಾಗ ಅಕ್ಷರ ಹುಡಿಕ್ಯಾಡತಿದ್ದೆ. ಇದರಾಗ ಬರೇ ಅಕ್ಷರ ಅದಾವ."

ಆರು ತಿಂಗಳು. ನಾನು ಅಷ್ಟು ಹಿಗ್ಗಿನಿಂದ ಅವಳ ಮುಂದೆ ತಂದಿಟ್ಟದ್ದು ಒಂದು ಕನ್ನಡಿಯಾಗಿತ್ತು. ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಭಾಳ ಖುಷಿಲೆ ತಂದಿದ್ರಿ" ಎಂದಳು.

ಪಾಠದ ಕೊನೆಗಿರುವ ಪ್ರಶ್ನೆ ಒಂದನ್ನೂ ಬಿಡದೆ ಅವಳಿಗೆ ಕೇಳಿದ್ದೇನೆ. ಕವಿಯ ಆಶಯವೇನು ಎಂದು ಕೇಳಿದ್ದೇನೆ. ಸರಿಯಾಗಿ ಕಾಣುತ್ತದೆಯೇನಮ್ಮಾ ಎಂದು ಒಂದು ದಿನವೂ ಕೇಳಿರಲಿಲ್ಲ. ನಾನು ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆರು ತಿಂಗಳು ನನ್ನ ಮನಸ್ಸು ನೋಯದಂತೆ ನೋಡಿಕೊಂಡು ಉಪಕಾರ ಮಾಡಿದವಳು ಅವಳು. ಇದಕ್ಕೆ ಯಾವ ಅಂಗಡಿಯ ಚಹಾ ಕುಡಿಸುವುದು?

ತಡವಾದರೂ ಆಗಲಿ ಎಂದು ಅಂದು ಕೇಳಿದೆ: "ಇನ್ನೇನಾದ್ರೂ ತ್ರಾಸು ಅದೇನು?" ಕೇಳಿದ್ದೇ ತಡ, ಅವಳ ಬಳಿ ಉತ್ತರ ತಯಾರಿತ್ತು.

"ಅಕ್ಷರ ಇಷ್ಟು ದೊಡ್ಡವು ಬ್ಯಾಡ್ರಿ. ಸಾಲಿಗೆ ಎರಡೇ ಶಬ್ದ ಬರ್ತಾವ, ಮುಂದಿಂದು ಓದೂದ್ರಾಗ ಹಿಂದಿಂದು ಮರ್ತು ಹೋಗ್ತದ." ನನ್ನ ಕಡೆ ತಿರುಗದೆಯೇ ಮುಂದುವರಿಸಿದಳು. "ಮತ್ತ ನೀವು ಬಾಜೂಕ ಕುಂತು ನನಗಿಂತ ಮೊದಲೇ ಓದಿಬಿಡ್ತೀರಿ. ಅದೊಂದು ಬಿಡ್ರಿ ಟೀಚರ್ರೀ."

ಅಕ್ಷರಗಳನ್ನು ಸಣ್ಣದು ಮಾಡಿದೆ. ಸಾಲಿಗೆ ನಾಲ್ಕು ಶಬ್ದ ಬಂದವು. ಕುರ್ಚಿಯನ್ನು ಗೋಡೆಯ ತನಕ ಹಿಂದಕ್ಕೆ ಸರಿಸಿ ಬಾಯಿ ಮುಚ್ಚಿಕೊಂಡು ಕುಳಿತೆ. ಅಂದು ಇಡೀ ಪಾಠವನ್ನು ಅವಳೊಬ್ಬಳೇ ಓದಿದಳು.