ಅಕ್ಕನ ಪಿಂಗಾಣಿ ಹೂಗಳು

ಇವತ್ತು ಮರಿಮೊಮ್ಮಗಳು ಶಾಲೆಯ ಕೆಲಸಕ್ಕೆಂದು ಜೇಡಿಮಣ್ಣು ನಾದುತ್ತಿದ್ದಳು. ಆ ಒದ್ದೆ ವಾಸನೆಗೆ ನನ್ನ ಅಕ್ಕ ನೆನಪಾದಳು.

ಎರಡನೇ ಮಹಾಯುದ್ಧದ ಕಾಲ. ಹುಬ್ಬಳ್ಳಿಯಲ್ಲಿದ್ದೆವು. ಅಕ್ಕ ಬಿಳಿ ಪಿಂಗಾಣಿ ಮಣ್ಣಿನಲ್ಲಿ ಒಂದೊಂದೇ ಎಸಳು ತೀಡಿ ಸೇವಂತಿಗೆ ಮಾಡಿ, ಹಂಚಿನ ಕಾರ್ಖಾನೆಯ ಭಟ್ಟಿಯಲ್ಲಿ ಸುಡಿಸಿ ತರಿಸುತ್ತಿದ್ದಳು. ಕನ್ಯೆ ನೋಡಲು ಬಂದವರಿಗೆ ಹುಡುಗಿಯ ಕೈಕೆಲಸ ತೋರಿಸುವುದು ಆಗಿನ ರೂಢಿ. ಅದಕ್ಕೇ ಅವ್ವ ಆ ಹೂಗಳನ್ನು ಪಡಸಾಲೆಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಳು.

ಅಮ್ಮಿನಬಾವಿಯಿಂದ ವರನ ಕಡೆಯವರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಮಣ್ಣು ಮೆತ್ತಿದ ಕೈಯನ್ನು ಅಕ್ಕ ಅವಸರದಲ್ಲಿ ಒರೆಸಿಕೊಂಡು ಬಂದು ಕುಳಿತಳು.

“ಹೂ ಭಾಳ ಛಂದ ಅದಾವ ಯವ್ವಾ. ಎಲ್ಲಿ, ಕೈ ತೋರ್ಸು,” ಎಂದು ವರನ ತಾಯಿ ಅವಳ ಬೆರಳು ಹಿಡಿದರು. ಗೆಣ್ಣುಗಳ ಮೇಲೆ ಮಣ್ಣು ಒಣಗಿ ಬಿಳಿ ಕಲೆಯಾಗಿತ್ತು. ಅವರು ಕೈ ಬಿಟ್ಟು ಗಂಡನಿಗೆ, “ತೊನ್ನು ಐತಿ, ಏಳ್ರಿ,” ಎಂದರು.

“ಅದು ಮಣ್ಣರೀ ಅಕ್ಕಾರ, ತೊಳದ್ರ ಹೋಗ್ತೈತಿ!” ಅವ್ವ ತಂಬಿಗೆ ನೀರು ಹಿಡಿದು ಬಾಗಿಲತನಕ ಓಡಿದಳು. ಟಾಂಗಾ ಹೊರಟುಹೋಗಿತ್ತು.

ಮಾತು ಊರೂರಿಗೆ ಹಬ್ಬಿತು. ಮತ್ತೆ ಯಾರೂ ನೋಡಲು ಬರಲಿಲ್ಲ. ಅಕ್ಕ ಮುಂದೆಂದೂ ಮಣ್ಣು ಮುಟ್ಟಲಿಲ್ಲ. ಮನೆಗೆ ಯಾರೇ ಬಂದರೂ, ಸಾಯುವವರೆಗೂ, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

ಮರಿಮೊಮ್ಮಗಳು ತಾನು ಮಾಡಿದ ಹೂ ತೋರಿಸಲು ಓಡಿ ಬಂದಳು. ನಾನು ಹೂ ನೋಡುವ ಮೊದಲೇ ಅವಳನ್ನು ನಲ್ಲಿಯ ಬಳಿಗೆ ಒಯ್ದು, ಎರಡೂ ಕೈ ಉಜ್ಜಿ ತೊಳೆದೆ.